ಎಸ್‌ಡಿಎಂಸಿಗೆ ಓದಿದವರೇ ಬೇಕಾ?

ಪ್ರಶ್ನೆ: ಮಗಳ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ನಿಂತ್ಕೋ ಅಂತಿದ್ದಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಕೂಲಿಗೆ ಹೋಗ್ತೀನಿ. ಓದಿದವರು ಇದ್ರೇ ಒಳ್ಳೇದಲ್ವಾ?

ಮತ್ತೆ ಅದೇ ಪ್ರಶ್ನೆ! ನಿಂತ್ಕೊಳ್ಳಿ ಅಮ್ಮ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆ, ತಾಯಿ ಅಥವಾ ಪೋಷಕರೇ ಆಗಿರಬೇಕು. ಅರ್ಧದಷ್ಟು ಹೆಂಗಸರಿರಬೇಕು. ಇಷ್ಟು ಓದಿರಬೇಕು ಅಂತ ಆ ಸೆಕ್ಷನ್‌ನಲ್ಲಿ ಎಲ್ಲೂ ಇಲ್ಲ. ನಮ್ಮ ರಾಜ್ಯದಲ್ಲಂತೂ ಆ ಕಾಯ್ದೆಗೂ ಮೊದಲೇ, 2001ರಲ್ಲೇ ಎಸ್‌ಡಿಎಂಸಿ ಬಂದಿತ್ತು.

ಆದರೂ ‘ಹೆಬ್ಬೆಟ್ಟಿನವರಿಗೆ ಶಾಲೆ ವಿಷಯ ಏನು ಗೊತ್ತು’ ಅನ್ನುವ ಮಾತು ಸಾಯುವುದೇ ಇಲ್ಲ. ನಿಮ್ಮನ್ನೇನು ಲೆಕ್ಕದ ಪಾಠ ಮಾಡಲು ಕರೆದಿದ್ದಾರಾ? ಸಮಿತಿಯ ಮುಖ್ಯ ಕೆಲಸ ಮೂರು: ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಬಂದ ದುಡ್ಡು ಎಲ್ಲಿ ಹೋಯಿತು ಅಂತ ಕೇಳುವುದು, ಶಾಲೆಗೆ ಏನು ಬೇಕು ಅಂತ ಯೋಜನೆ ಮಾಡುವುದು. ಬಿಸಿಯೂಟದ ಸಾರಿನಲ್ಲಿ ಬೇಳೆ ಇತ್ತಾ, ಶನಿವಾರ ಮೇಷ್ಟ್ರು ಬಂದಿದ್ರಾ, ಶೌಚಾಲಯಕ್ಕೆ ಬೀಗ ಅಂತ ಹುಡುಗಿಯರು ನೀರೇ ಕುಡಿಯುತ್ತಿಲ್ವಾ? ಇದೆಲ್ಲ ಮಗಳು ಮನೆಗೆ ಬಂದ ಹತ್ತು ನಿಮಿಷದಲ್ಲಿ ನಿಮಗೆ ಗೊತ್ತಾಗುತ್ತದೆ. ಬಿ.ಎ. ಮಾಡಿದವರಿಗೆ ಇದಕ್ಕಿಂತ ಜಾಸ್ತಿ ಏನು ಗೊತ್ತಾಗಬೇಕು?

ಇನ್ನು ಓದಿದವರ ಕಥೆ. ಎಷ್ಟೋ ಕಡೆ ಸಭೆಯೇ ನಡೆಯುವುದಿಲ್ಲ. ನಡಾವಳಿ ಪುಸ್ತಕ ಒಬ್ಬ ಹುಡುಗನ ಕೈಲಿ ಮನೆಮನೆಗೆ ಬರುತ್ತದೆ. ‘ಇಲ್ಲಿ ಸೈನ್ ಮಾಡ್ಬೇಕಂತೆ’ ಅನ್ನುತ್ತಾನೆ. ಡಿಗ್ರಿ ಇದ್ದವರೂ ಮೇಲಿನ ಸಾಲು ಓದದೆ ಹಾಕಿ ಕಳಿಸುತ್ತಾರೆ. ಹಾಗಿದ್ದಾಗ ಓದು ಬಂದು ಏನು ಉಪಯೋಗ, ಹೇಳಿ.

ನೀವು ಹಾಗೆ ಮಾಡಬೇಡಿ. ಬರೆದದ್ದನ್ನು ಎಲ್ಲರ ಎದುರು ಜೋರಾಗಿ ಓದಿಸಿ, ಆಮೇಲೆ ಸಹಿ ಹಾಕಿ, ಬಾರದಿದ್ದರೆ ಹೆಬ್ಬೆಟ್ಟು ಒತ್ತಿ. ಬ್ಯಾಂಕ್ ಖಾತೆ ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರ ಜಂಟಿ ಹೆಸರಿನಲ್ಲಿರುತ್ತದೆ. ಪಾಸ್‌ಬುಕ್ ತೋರಿಸಿ ಅನ್ನಿ. ನೀವೇ ಅಧ್ಯಕ್ಷೆ ಆದರೆ ಖಾಲಿ ಚೆಕ್ಕಿಗೆ ಸಹಿ ಬೇಡವೇ ಬೇಡ.

ಮುಖ್ಯ ಶಿಕ್ಷಕರಿಗೂ ಒಂದು ಮಾತು. ‘ಕರೆದರೂ ಯಾರೂ ಬರಲ್ಲ’ ಅಂತೀರಿ. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಯವರು ಹೇಗೆ ಬರುತ್ತಾರೆ ಸ್ವಾಮಿ? ಅವರ ಆ ದಿನದ ದುಡಿಮೆ ಹೋಯಿತಲ್ಲ. ಅವರಿಗೆ ಆಗುವ ಹೊತ್ತನ್ನು ಅವರನ್ನೇ ಕೇಳಿ ಗೊತ್ತು ಮಾಡಿ. ಅಧಿಕಾರ ಹಂಚಿಕೊಳ್ಳುವುದು ಅಂತ ಭಾಷಣ ಮಾಡುತ್ತೀರಲ್ಲ, ಅದು ಶುರುವಾಗುವುದೇ ಗಡಿಯಾರದಿಂದ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಈ 21ನೇ ಸೆಕ್ಷನ್ ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ಲಕ್ಷಗಟ್ಟಲೆ ಫೀಸು ಕಟ್ಟುವ ಅಪ್ಪ–ಅಮ್ಮನಿಗೆ, ಶಾಲೆಯ ಲೆಕ್ಕ ತೋರಿಸಿ ಅಂತ ಕೇಳುವ ಇಂಥ ಸಮಿತಿಯೇ ಈ ಕಾಯ್ದೆಯಲ್ಲಿಲ್ಲ.