ಸಿ ಡ್ರೈವ್ ಒಳಗೆ ಆಗುವ ಕೆಲಸ ಪೆನ್‌ಡ್ರೈವ್‌ಗೆ ಯಾಕೆ ಆಗಲ್ಲ?

ಪ್ರಶ್ನೆ: ಪೈಥಾನ್ ಪ್ರೋಗ್ರಾಂನಲ್ಲಿ ಓಎಸ್ ಡಾಟ್ ರೀನೇಮ್ (ಫೈಲಿನ ಹೆಸರು ಬದಲಿಸುವ ಕಮಾಂಡ್) ಬಳಸಿ ಫೈಲ್ ಸಾಗಿಸುತ್ತಿದ್ದೇನೆ. ಸಿ ಡ್ರೈವ್‌ನ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತೆ. ಪೆನ್‌ಡ್ರೈವ್‌ಗೆ ಕಳಿಸಿದರೆ ಮಾತ್ರ ವಿನ್‌ಎರರ್ 17 ಅಂತ ಬರುತ್ತೆ. ಇದು ಪರ್ಮಿಷನ್ ಸಮಸ್ಯೆಯಾ? (ಓದುಗರೊಬ್ಬರು, ಗುಬ್ಬಿ)

ಪರ್ಮಿಷನ್ ಅಲ್ಲ. ರೀನೇಮ್‌ಗೆ ಅದರ ಕೈಲಾಗದ ಕೆಲಸ ಹೇಳಿದ್ದೀರಿ, ಅಷ್ಟೇ.

ಹೊಲ ಅಪ್ಪನಿಂದ ಮಗನಿಗೆ ಹೋದರೆ ಪಹಣಿಯಲ್ಲಿ ಹೆಸರು ಬದಲಾಗುತ್ತೆ. ಹೊಲ ಇದ್ದಲ್ಲೇ ಇರುತ್ತೆ, ಅಲ್ವಾ? ಒಂದೇ ಡ್ರೈವ್‌ನೊಳಗೆ ರೀನೇಮ್ ಮಾಡುವುದೂ ಹಾಗೇ. ಫೈಲ್ ಕದಲುವುದಿಲ್ಲ, ಡ್ರೈವ್‌ನ ದಾಖಲೆಯಲ್ಲಿ ವಿಳಾಸ ಮಾತ್ರ ತಿದ್ದುತ್ತೆ. ಅದಕ್ಕೇ 10 ಕೆಬಿ ಆದರೂ 10 ಜಿಬಿ ಆದರೂ ಹಿಡಿಯುವ ಹೊತ್ತು ಹೆಚ್ಚುಕಮ್ಮಿ ಒಂದೇ.

ಆದರೆ ಪ್ರತಿ ಡ್ರೈವ್‌ಗೂ ಅದರದ್ದೇ ದಾಖಲೆ. ತಿಪಟೂರಿನ ಗೋಡೌನಿನಲ್ಲಿರುವ ಕೊಬ್ಬರಿ ಮೂಟೆ ತುಮಕೂರಿಗೆ ಬರಬೇಕಾದರೆ ಲೆಕ್ಕದ ಪುಸ್ತಕ ತಿದ್ದಿದರೆ ಆಗುತ್ತಾ? ಲಾರಿ ಬೇಕು. ಒಂದೇ ಡಿಸ್ಕನ್ನು ಸಿ, ಡಿ ಅಂತ ಎರಡು ಭಾಗ ಮಾಡಿಕೊಂಡಿದ್ದರೂ ಇದೇ ಕಥೆ. ಲಿನಕ್ಸ್‌ನಲ್ಲಿ ಇದೇ ತಕರಾರು ಎರರ್ 18 ಆಗಿ ಬರುತ್ತೆ.

ಲಾರಿ ಪೈಥಾನ್ ಜೊತೆಗೇ ಬಂದಿರುತ್ತೆ. ಅದರ ಹೆಸರು ಶಟಿಲ್. ಎಸ್, ಎಚ್, ಯು, ಟಿ, ಐ, ಎಲ್ ಎಂದು ಟೈಪ್ ಮಾಡಿ ಇಂಪೋರ್ಟ್ ಮಾಡಿಕೊಳ್ಳಿ. ಶಟಿಲ್ ಡಾಟ್ ಮೂವ್ ಮೊದಲು ರೀನೇಮ್ ಮಾಡಿ ನೋಡುತ್ತೆ. ಆಗದಿದ್ದರೆ ಕಾಪಿ ಮಾಡಿ, ಆಮೇಲೆ ಹಳೆಯದನ್ನು ಅಳಿಸುತ್ತೆ. ಅಳಿಸುವುದು ಕೊನೆಗೆ. ಹಾಗಾಗಿ ಮಧ್ಯದಲ್ಲಿ ಪೆನ್‌ಡ್ರೈವ್ ಕಿತ್ತು ಹೋದರೂ ಮೂಲ ಫೈಲ್ ಉಳಿದಿರುತ್ತೆ, ಆಚೆ ಕಡೆ ಅರೆಬರೆ ಫೈಲ್ ಬಿದ್ದಿರಬಹುದು.

ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಮೋಸ ಮಾಡಿದ ಹಾಗೆ. ಸಿದ್ಧಗಂಗೆ ಜಾತ್ರೆಯಲ್ಲಿ ತೆಗೆದ 180 ಫೋಟೋಗಳನ್ನು ನಾನು ಹೀಗೇ ಹಾರ್ಡ್‌ಡಿಸ್ಕ್‌ಗೆ ಸಾಗಿಸಿದ್ದೆ. ಇ ಡ್ರೈವ್‌ನ ‘ಜಾತ್ರೆ’ ಫೋಲ್ಡರ್‌ಗೆ ಒಂದೊಂದಾಗಿ ಹಾಕುತ್ತಾ ಹೋಗು ಅಂತ ಲೂಪ್ ಬರೆದೆ. ಎರರ್ ಒಂದೂ ಬರಲಿಲ್ಲ. ಖುಷಿಯಾಗಿ ಹೋಗಿ ನೋಡಿದರೆ ಫೋಲ್ಡರ್ರೇ ಇಲ್ಲ! ‘ಜಾತ್ರೆ’ ಅನ್ನುವ ಒಂದೇ ಫೈಲ್ ಇತ್ತು, ಎಕ್ಸ್‌ಟೆನ್ಷನ್ನೂ ಇಲ್ಲ. ತೆರೆದರೆ ಒಂದು ಜೋಡಿ ಹಳ್ಳಿಕಾರ್ ಎತ್ತು. ಕೊನೆಯ ಫೋಟೋ ಅದು.

ಆಗಿದ್ದು ಇಷ್ಟು. ಆ ಫೋಲ್ಡರನ್ನು ನಾನು ಮಾಡಿಯೇ ಇರಲಿಲ್ಲ. ಇಲ್ಲದ ಫೋಲ್ಡರಿನ ಹೆಸರು ಕೊಟ್ಟರೆ ಶಟಿಲ್ ಅದನ್ನು ಫೈಲಿನ ಹೊಸ ಹೆಸರು ಅಂದುಕೊಳ್ಳುತ್ತೆ. ಮೊದಲ ಫೋಟೋ ‘ಜಾತ್ರೆ’ ಆಯಿತು, ಎರಡನೆಯದು ಅದರ ಮೇಲೇ ಕೂತಿತು, ಮೂರನೆಯದು ಅದರ ಮೇಲೆ. ಪ್ರತಿ ಸಲವೂ ಮೂಲ ಫೈಲ್ ಅಳಿಯುತ್ತಾ ಹೋಯಿತು. 179 ಫೋಟೋ ಸುಮ್ನೆ ಹೋದವು.

ಲೂಪ್‌ಗೆ ಮೊದಲು ಓಎಸ್ ಡಾಟ್ ಮೇಕ್‌ಡರ್ಸ್ ಹಾಕಿ, ಎಕ್ಸಿಸ್ಟ್ ಓಕೆಗೆ ಟ್ರೂ ಕೊಡಿ. ಫೋಲ್ಡರ್ ಇಲ್ಲದಿದ್ದರೆ ಮಾಡುತ್ತೆ, ಇದ್ದರೆ ತಂಟೆಗೆ ಹೋಗುವುದಿಲ್ಲ. ಫೋಲ್ಡರ್ ಇದ್ದು, ಅದರೊಳಗೆ ಅದೇ ಹೆಸರಿನ ಫೈಲ್ ಆಗಲೇ ಇದ್ದರೆ ಶಟಿಲ್ ಎರರ್ ಕೊಟ್ಟು ನಿಲ್ಲುತ್ತೆ. ಇದು ಒಳ್ಳೆಯ ಗುಣ. ನಾನಾದರೆ ಬೆಲೆಬಾಳುವ ಫೈಲ್‌ಗಳಿಗೆ ಮೂವ್ ಬಳಸುವುದೇ ಇಲ್ಲ. ಶಟಿಲ್‌ನದ್ದೇ ಕಾಪಿ2 ಬಳಸಿ ಕಾಪಿ ಮಾಡಿ, ಕಣ್ಣಾರೆ ನೋಡಿ, ಆಮೇಲೆ ಅಳಿಸುತ್ತೇನೆ.

ಪಾತ್, ಅಂದರೆ ಫೈಲಿನ ವಿಳಾಸ ಬರೆಯುವಾಗ ಮುಂದಕ್ಕೆ ವಾಲಿದ ಸ್ಲ್ಯಾಶ್ ಹಾಕಿ, ವಿಂಡೋಸ್‌ನಲ್ಲೂ ನಡೆಯುತ್ತೆ. ಹಿಂದಕ್ಕೆ ವಾಲಿದ್ದನ್ನು ಹಾಕಿ ಪಕ್ಕದಲ್ಲಿ ಸಣ್ಣ ಎನ್ ಬಂದರೆ ಪೈಥಾನ್ ಅದನ್ನು ಹೊಸ ಸಾಲು ಅಂತ ಓದುತ್ತೆ.

ನಿಮ್ಮ ಪೆನ್‌ಡ್ರೈವ್ ಫ್ಯಾಟ್32 (ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಹಳೆಯ ಪದ್ಧತಿ) ಆಗಿದ್ದರೆ, 64 ಜಿಬಿ ಖಾಲಿ ಇದ್ದರೂ 4 ಜಿಬಿ ಅಥವಾ ಅದಕ್ಕಿಂತ ದೊಡ್ಡ ಒಂದು ಫೈಲ್ ಅದರೊಳಗೆ ಹೋಗುವುದಿಲ್ಲ. ಮದುವೆ ವಿಡಿಯೋ ಏನಾದರೂ ಸಾಗಿಸುವುದಿದ್ದರೆ ಮೊದಲು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಒಳಗಿರುವುದೆಲ್ಲ ಅಳಿಸಿಹೋಗುತ್ತೆ, ಬೇಕಾದ್ದನ್ನು ತೆಗೆದಿಟ್ಟು ಮಾಡಿ.