ಬೆಳಕನ್ನು ಹಿಂದಿಕ್ಕಬಹುದೇ? ಹಾಸನದ ಆಂಟೆನಾದಿಂದ ವಾರ್ಪ್ ಗುಳ್ಳೆಯವರೆಗೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಊರಿನವರ ಬಾಯಲ್ಲಿ ಅದು ಎಂಸಿಎಫ್. 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳನ್ನು ಕಾಯುತ್ತಿರುವ ಇಲ್ಲಿನ ಆಂಟೆನಾದಿಂದ ಹೊರಟ ಸಂಕೇತ, ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹ ಮುಟ್ಟಿ ಮರಳಲು 0.24 ಸೆಕೆಂಡ್ ಹಿಡಿಯುತ್ತದೆ. ನಲವತ್ತು ವರ್ಷಗಳಲ್ಲಿ ಕಂಪ್ಯೂಟರು, ಆಂಟೆನಾ, ಉಪಗ್ರಹ ಎಲ್ಲವೂ ಬದಲಾದವು. ಈ ಕಾಲು ಸೆಕೆಂಡ್ ಮಾತ್ರ ಇಳಿಯಲಿಲ್ಲ: ಸಂಕೇತ ಓಡುವುದು ಬೆಳಕಿನ ವೇಗದಲ್ಲಿ, ಅದನ್ನು ದಾಟಲು ಯಾವುದಕ್ಕೂ ಆಗಿಲ್ಲ. ಇಳಿಯದಿರುವುದೇ ಒಳ್ಳೆಯದು. ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಅಳೆಯುವುದೇ ಸಂಕೇತ ಹೋಗಿ ಬರುವ ಸಮಯದಿಂದ. ಅದರಲ್ಲಿ ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ದೂರದ ಲೆಕ್ಕ 150 ಮೀಟರ್ ತಪ್ಪುತ್ತದೆ. ಹಾಗಾಗಿ ಕೇಬಲ್ ಒಳಗೆ, ಉಪಗ್ರಹದ ಟ್ರಾನ್ಸ್‌ಪಾಂಡರ್ (ಸಂಕೇತ ಹಿಡಿದು ಮರಳಿಸುವ ಉಪಕರಣ) ಒಳಗೆ ಆಗುವ ವಿಳಂಬವನ್ನೂ ಮೊದಲೇ ಅಳೆದು ಕಳೆಯಬೇಕಾಗುತ್ತದೆ. ಈ ಕೇಬಲ್ಲಿನ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಬೆಳಕಿಗೂ ಒಂದು ವೇಗವಿದೆ ಎಂಬ ಮೊದಲ ಗಟ್ಟಿ ಪುರಾವೆ ಸಿಕ್ಕಿದ್ದು 1676ರಲ್ಲಿ. ಗುರುಗ್ರಹದ ಉಪಗ್ರಹ ಅಯೋಗೆ ಹಿಡಿಯುವ ಗ್ರಹಣಗಳು, ಭೂಮಿ ಗುರುವಿನಿಂದ ದೂರ ಸರಿಯುತ್ತಿದ್ದಾಗ ತಡವಾಗುವುದನ್ನು ಪ್ಯಾರಿಸ್‌ನಲ್ಲಿದ್ದ ಓಲೆ ರೋಮರ್ ಗಮನಿಸಿದರು. 1849ರಲ್ಲಿ ಫಿಜೋ ಹಲ್ಲಿನ ಚಕ್ರ ತಿರುಗಿಸಿ ನೆಲದ ಮೇಲೆಯೇ ಆ ವೇಗ ಅಳೆದರು. 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ, ಭೂಮಿ ಯಾವ ದಿಕ್ಕಿಗೆ ಓಡಿದರೂ ಬೆಳಕಿನ ವೇಗ ಬದಲಾಗದ್ದನ್ನು ಕಂಡರು. ಇದನ್ನು ಒಪ್ಪಿಕೊಂಡು, ಬದಲಾಗಬೇಕಾದದ್ದು ಗಡಿಯಾರ ಮತ್ತು ಅಳತೆಗೋಲು ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದರು. 1983ರಿಂದ ಬೆಳಕಿನ ವೇಗ ಅಳೆಯುವ ವಸ್ತುವೇ ಅಲ್ಲ: ಸೆಕೆಂಡಿಗೆ 29,97,92,458 ಮೀಟರ್ ಎಂದು ಅದನ್ನು ನಿಗದಿಮಾಡಿ, ಮೀಟರನ್ನೇ ಅದರಿಂದ ಪಡೆಯಲಾಗುತ್ತಿದೆ.

ಗಡಿಯಾರ ಬದಲಾಗುತ್ತದೆ ಎಂಬುದು ಪುಸ್ತಕದ ಮಾತಲ್ಲ. ಹಾಸನದಿಂದ ನಿಯಂತ್ರಿಸುವ, ಜಿಪಿಎಸ್‌ನಂತೆ ದಾರಿ ತೋರುವ ನಾವಿಕ್ ಉಪಗ್ರಹಗಳ ಎತ್ತರದಲ್ಲಿ ಗುರುತ್ವ ಕಡಿಮೆ, ಆದ್ದರಿಂದ ಅಲ್ಲಿನ ಗಡಿಯಾರ ನೆಲದ ಗಡಿಯಾರಕ್ಕಿಂತ ಬೇಗ ಓಡುತ್ತದೆ. ಉಪಗ್ರಹದ ವೇಗದಿಂದಾಗಿ ಸ್ವಲ್ಪ ನಿಧಾನವೂ ಆಗುತ್ತದೆ. ಎರಡನ್ನೂ ಕೂಡಿ ಕಳೆದರೆ ದಿನಕ್ಕೆ ಸುಮಾರು 46 ಮೈಕ್ರೋಸೆಕೆಂಡ್ ಮುಂದೆ. ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ದೂರದ ಲೆಕ್ಕ ಸುಮಾರು 14 ಕಿ.ಮೀ. ಎಡವುತ್ತದೆ.

'ಎಂಜಿನ್ ಇನ್ನಷ್ಟು ಜೋರಾಗಿದ್ದರೆ ದಾಟಬಹುದಲ್ಲ' ಎಂದು ಕೇಳುವವರಿಗೆ ಉತ್ತರ 1964ರ ಒಂದು ಪ್ರಯೋಗದಲ್ಲಿದೆ. ಅಮೆರಿಕದ ಎಂಐಟಿಯ ವಿಲಿಯಂ ಬರ್ಟೋಜಿ ಎಲೆಕ್ಟ್ರಾನುಗಳನ್ನು 8.4 ಮೀಟರ್ ಓಡಿಸಿ ಸಮಯ ಹಿಡಿದರು. ಶಾಲೆಯಲ್ಲಿ ಕಲಿಸುವ ಚಲನಶಕ್ತಿಯ ಸೂತ್ರದ ಪ್ರಕಾರ 1.5 ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ) ಶಕ್ತಿಯ ಎಲೆಕ್ಟ್ರಾನ್ ಬೆಳಕಿನ 2.4 ಪಟ್ಟು ವೇಗದಲ್ಲಿ ಹೋಗಬೇಕಿತ್ತು. ಹೋದದ್ದು 0.96 ಪಟ್ಟು. 15 ಎಂಇವಿಗೆ ಏರಿಸಿದಾಗ ಸೂತ್ರ 7.7 ಪಟ್ಟು ಎನ್ನುತ್ತಿತ್ತು. ಎಲೆಕ್ಟ್ರಾನ್ ಆಗಲೂ ಬೆಳಕಿನ ಗಡಿ ದಾಟದೆ ನಿಂತಿತು. ಕೊಟ್ಟ ಶಕ್ತಿ ಎಲ್ಲೋ ಸೋರಿಹೋಯಿತೇ? ಅದಕ್ಕೂ ಅವರು ಜಾಗ ಬಿಡಲಿಲ್ಲ. ಎಲೆಕ್ಟ್ರಾನುಗಳನ್ನು ಅಲ್ಯೂಮಿನಿಯಂ ಬಿಲ್ಲೆಗೆ ಬಡಿಸಿ ಅದು ಎಷ್ಟು ಬಿಸಿಯಾಯಿತೆಂದು ನೋಡಿದರು. ಕೊಟ್ಟ ಶಕ್ತಿಯೆಲ್ಲ ಅಲ್ಲಿತ್ತು, ವೇಗವಾಗಿ ಮಾತ್ರ ಬದಲಾಗಿರಲಿಲ್ಲ. ಇಂದು ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯ ಸರ್ನ್‌ನ ದೊಡ್ಡ ಯಂತ್ರದಲ್ಲಿ ಓಡುವ ಪ್ರೋಟಾನುಗಳು ಬೆಳಕಿಗಿಂತ ಸೆಕೆಂಡಿಗೆ ಸುಮಾರು 3 ಮೀಟರ್ ಹಿಂದೆ. ಆ 3 ಮೀಟರ್ ತುಂಬಲು ಎಷ್ಟು ವಿದ್ಯುತ್ ಸುರಿದರೂ ಸಾಲದು.

ಆದರೆ ನಿಜವಾದ ತೊಡಕು ಶಕ್ತಿಯದಲ್ಲ, ಮೊದಲು-ಆಮೇಲೆ ಎಂಬುದರದು. ಇದನ್ನು ಲೆಕ್ಕ ಹಾಕಿಯೇ ನೋಡಬೇಕು. ಬೆಳಕಿನ 0.8 ಪಟ್ಟು ವೇಗದ ನೌಕೆಯೊಂದು ರಾತ್ರಿ 12ಕ್ಕೆ ಭೂಮಿ ಬಿಟ್ಟಿತೆನ್ನಿ. ಎರಡೂ ಕಡೆ ಕ್ಷಣಮಾತ್ರದಲ್ಲಿ ಸಂದೇಶ ತಲುಪಿಸುವ ಉಪಕರಣವಿದೆ. ಬೆಳಿಗ್ಗೆ 10ಕ್ಕೆ ಹಾಸನದಿಂದ ಒಂದು ಪ್ರಶ್ನೆ ಹೋಯಿತು. ನೌಕೆಯ ಗಡಿಯಾರ ನಿಧಾನ, ಅಲ್ಲಿ ಆಗ 6 ಗಂಟೆ. ಅವರು ತಕ್ಷಣ ಉತ್ತರ ಕಳಿಸಿದರು. ಈಗ ನೌಕೆಯವರ ದೃಷ್ಟಿಯಲ್ಲಿ ದೂರ ಓಡುತ್ತಿರುವುದು ಭೂಮಿ, ನಿಧಾನವಾಗಿರುವುದು ಭೂಮಿಯ ಗಡಿಯಾರ. ಅವರ 6 ಗಂಟೆಗೆ ಹಾಸನದಲ್ಲಿ 3 ಗಂಟೆ 36 ನಿಮಿಷ. ಉತ್ತರ ಬಂದಿಳಿಯುವುದು ಆಗಲೇ, ಪ್ರಶ್ನೆ ಕೇಳುವುದಕ್ಕಿಂತ ಆರು ಗಂಟೆಗೂ ಮೊದಲು. 'ಕೇಳಬೇಡಿ' ಎಂಬುದೇ ಆ ಉತ್ತರವಾಗಿದ್ದರೆ? ಸಂದೇಶ ಕ್ಷಣಮಾತ್ರದಲ್ಲೇ ಹೋಗಬೇಕೆಂದೂ ಇಲ್ಲ. ಬೆಳಕಿಗಿಂತ ತುಸು ವೇಗ ಹೆಚ್ಚಿದ್ದರೂ ಸಾಕು, ನೌಕೆಗಳ ವೇಗ ಹೊಂದಿಸಿಕೊಂಡು ಇದೇ ಗೋಜಲು ಎಬ್ಬಿಸಬಹುದು.

ಈ ಗೋಜಲಿಗೆ ಹೆದರದೆ ಕೆಲಸ ಮಾಡಿದವರಲ್ಲಿ ಕೇರಳ ಮೂಲದ ಇ.ಸಿ.ಜಿ. ಸುದರ್ಶನ್ ಒಬ್ಬರು. 1962ರಲ್ಲಿ ಬಿಲಾನಿಯುಕ್ ಮತ್ತು ದೇಶಪಾಂಡೆ ಅವರೊಂದಿಗೆ ಬರೆದ ಪ್ರಬಂಧದಲ್ಲಿ, ಹುಟ್ಟಿನಿಂದಲೇ ಬೆಳಕಿಗಿಂತ ವೇಗವಾಗಿರುವ ಕಣಗಳು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತಕ್ಕೆ ವಿರುದ್ಧವಲ್ಲ ಎಂದು ವಾದಿಸಿದರು. ಅವಕ್ಕೆ ಟ್ಯಾಕಿಯಾನ್ ಎಂದು 1967ರಲ್ಲಿ ಹೆಸರಿಟ್ಟದ್ದು ಜೆರಾಲ್ಡ್ ಫೈನ್‌ಬರ್ಗ್. ಹೆಸರು ಉಳಿಯಿತು, ಕಣ ಸಿಗಲಿಲ್ಲ.

ಸಿಕ್ಕಿತು ಎಂದು ಜಗತ್ತು ಒಮ್ಮೆ ನಂಬುವ ಹಂತಕ್ಕೆ ಬಂದಿತ್ತು. 2011ರ ಸೆಪ್ಟೆಂಬರ್‌ನಲ್ಲಿ ಓಪೆರಾ ತಂಡ, ಸರ್ನ್‌ನಿಂದ ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯಕ್ಕೆ 730 ಕಿ.ಮೀ. ಬಂದ ನ್ಯೂಟ್ರಿನೊ ಎಂಬ ಅತಿ ಹಗುರ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮೊದಲು ತಲುಪಿವೆ ಎಂದು ಪ್ರಕಟಿಸಿತು. ಅನುಮಾನಕ್ಕೆ ಒಳ್ಳೆಯ ಕಾರಣ ಆಗಲೇ ಇತ್ತು. 1987ರಲ್ಲಿ ಕಂಡ ಸೂಪರ್‌ನೋವಾ (ನಕ್ಷತ್ರ ಸ್ಫೋಟ) ಸುಮಾರು 1,68,000 ಜ್ಯೋತಿರ್ವರ್ಷ ದೂರದ್ದು. ಓಪೆರಾ ಹೇಳಿದ ವೇಗ ನಿಜವಾಗಿದ್ದರೆ ಅದರ ನ್ಯೂಟ್ರಿನೊಗಳು ಬೆಳಕಿಗಿಂತ ನಾಲ್ಕು ವರ್ಷ ಮೊದಲು ಬರಬೇಕಿತ್ತು. ಬಂದದ್ದು ಕೆಲವೇ ಗಂಟೆ ಮೊದಲು, ಅದೂ ಬೆಳಕು ಸ್ಫೋಟದ ಒಳಗಿಂದ ಹೊರಬರಲು ತಡವಾದ್ದರಿಂದ. ಕೊನೆಗೆ ತಪ್ಪು ಸಿಕ್ಕಿದ್ದು ಜಿಪಿಎಸ್ ಸಮಯ ತರುವ ಆಪ್ಟಿಕಲ್ ಫೈಬರ್ ಕೇಬಲ್ಲಿನ ಸರಿಯಾಗಿ ಬಿಗಿಯದ ಕನೆಕ್ಟರಿನಲ್ಲಿ. ಸಡಿಲವಾದ ಜೋಡಣೆಯಲ್ಲಿ ಬೆಳಕು ಮಂದವಾಗಿ ಬೀಳುತ್ತದೆ, ಗ್ರಾಹಕ ಉಪಕರಣ ಎಚ್ಚರಗೊಳ್ಳುವಷ್ಟು ಸಂಕೇತ ತುಂಬಲು ಹೆಚ್ಚು ಸಮಯ ಬೇಕಾಗುತ್ತದೆ. ಹಾಗಾದ ವಿಳಂಬ ಸುಮಾರು 73 ನ್ಯಾನೊಸೆಕೆಂಡ್. ಗಡಿಯಾರ ಅಷ್ಟು ಹಿಂದೆ ಬಿದ್ದದ್ದರಿಂದ ನ್ಯೂಟ್ರಿನೊಗಳು ಬೇಗ ಬಂದಂತೆ ಕಂಡವು. ಗಡಿಯಾರದ ಇನ್ನೊಂದು ದೋಷ ವಿರುದ್ಧ ದಿಕ್ಕಿಗೆ ಎಳೆದಿತ್ತು. 2012ರಲ್ಲಿ ಅದೇ ಗ್ರಾನ್ ಸಾಸೊದ ಇಕಾರಸ್ ತಂಡ ಅಳೆದಾಗ ನ್ಯೂಟ್ರಿನೊಗಳು ಬೆಳಕಿನ ವೇಗಕ್ಕೆ ಸರಿಯಾಗಿಯೇ ಇದ್ದವು.

ಬೆಳಕಿನ ಜೊತೆ ಓಟಕ್ಕೆ ನಿಲ್ಲುವ ಬದಲು, ಜಾಗ ಮತ್ತು ಕಾಲ ಸೇರಿದ ದೇಶಕಾಲವನ್ನೇ ಮಡಚಿದರೆ? 1994ರಲ್ಲಿ ಮಿಗೆಲ್ ಅಲ್ಕುಬಿಯೆರ್ರೆ ಮಂಡಿಸಿದ್ದು ಇದನ್ನೇ. ನೌಕೆಯ ಮುಂದಿನ ಜಾಗ ಕುಗ್ಗುತ್ತದೆ, ಹಿಂದಿನದು ಹಿಗ್ಗುತ್ತದೆ, ನಡುವಿನ 'ವಾರ್ಪ್ ಗುಳ್ಳೆ'ಯೊಳಗೆ ನೌಕೆ ತಣ್ಣಗೆ ಕೂತಿರುತ್ತದೆ. ಸಮೀಕರಣದಲ್ಲಿ ತಪ್ಪಿಲ್ಲ. ಗುಳ್ಳೆಯ ಗೋಡೆಗೆ ಬೇಕಾದ ಸಾಮಗ್ರಿಯದೇ ಸಮಸ್ಯೆ: ಅದು ಋಣ ಶಕ್ತಿ, ಅಂದರೆ ಸೊನ್ನೆಗಿಂತಲೂ ಕಡಿಮೆ ಶಕ್ತಿ. ಯಾಕೆ ಋಣವೇ ಬೇಕು ಎಂಬುದಕ್ಕೆ 1955ರಲ್ಲಿ ಕೋಲ್ಕತ್ತದ ಅಮಲ್ ಕುಮಾರ್ ರಾಯಚೌಧುರಿ ಕೊಟ್ಟ ಸಮೀಕರಣದಲ್ಲಿ ಉತ್ತರವಿದೆ. ಸಾಮಾನ್ಯ ದ್ರವ್ಯದ ಗುರುತ್ವ, ಬೆಳಕಿನ ಕಿರಣಗಳನ್ನು ಒಟ್ಟುಗೂಡಿಸುತ್ತದೆ. ವಾರ್ಪ್ ಗುಳ್ಳೆಗಾಗಲಿ, ವರ್ಮ್‌ಹೋಲ್ ಎಂಬ ದೇಶಕಾಲದ ಸುರಂಗದ ಬಾಯಿ ತೆರೆದಿಡಲಿಕ್ಕಾಗಲಿ ಅವನ್ನು ಚೆದರಿಸುವ ವಸ್ತು ಬೇಕು. ನಿರ್ವಾತದಲ್ಲಿ ತೀರ ಹತ್ತಿರ ಇಟ್ಟ ಎರಡು ಲೋಹದ ತಟ್ಟೆಗಳು ಒಂದನ್ನೊಂದು ಸೆಳೆಯುವ ಕ್ಯಾಸಿಮಿರ್ ಪರಿಣಾಮದಲ್ಲಿ ಅಂಥ ಶಕ್ತಿಯ ಸುಳಿವಿದೆ, ಆದರೆ ಅಳೆಯುವುದೇ ಕಷ್ಟ ಎನ್ನುವಷ್ಟು ಕಿರಿದು. 1997ರಲ್ಲಿ ಫೆನಿಂಗ್ ಮತ್ತು ಫೋರ್ಡ್ ಲೆಕ್ಕ ಹಾಕಿದಾಗ, ಗುಳ್ಳೆಗೆ ಬೇಕಾದ ಋಣ ಶಕ್ತಿಯ ಪ್ರಮಾಣ ಕಣ್ಣಿಗೆ ಕಾಣುವ ಇಡೀ ವಿಶ್ವದ ದ್ರವ್ಯವನ್ನೂ ಮೀರಿತ್ತು. ಎರಡು ವರ್ಷದ ನಂತರ ವ್ಯಾನ್ ಡೆನ್ ಬ್ರೂಕ್ ಗುಳ್ಳೆಯ ಆಕಾರ ತಿದ್ದಿ ಅದನ್ನು ಕೆಲವು ಸೂರ್ಯರಷ್ಟಕ್ಕೆ ಇಳಿಸಿದರು. ಅಗ್ಗವಾಯಿತು ಅನ್ನಬಹುದೇನೋ!

ಸಾಮಗ್ರಿ ಸಿಕ್ಕಿತೆಂದೇ ಇಟ್ಟುಕೊಂಡರೂ ಓಡಿಸುವುದು ಹೇಗೆ? ಬೆಳಕನ್ನು ಮೀರಿದ ಗುಳ್ಳೆಯ ಮುಂಗೋಡೆಗೆ ಒಳಗಿನಿಂದ ಯಾವ ಸಂಕೇತವೂ ತಲುಪುವುದಿಲ್ಲ. ಚುಕ್ಕಾಣಿ ಇಲ್ಲ, ಬ್ರೇಕೂ ಇಲ್ಲ. ದಾರಿಯಲ್ಲಿ ಸಿಕ್ಕಿದ ಕಣಗಳು ಮುಂಗೋಡೆಯಲ್ಲಿ ಶೇಖರವಾಗಿ, ನಿಂತ ಕ್ಷಣ ಮುಂದಕ್ಕೆ ಸಿಡಿಯುತ್ತವೆ ಎಂದು 2012ರಲ್ಲಿ ಸಿಡ್ನಿಯ ಸಂಶೋಧಕರು ತೋರಿಸಿದರು. ಸ್ವಾಗತಕ್ಕೆ ಬಂದವರ ಗತಿ ಊಹಿಸಿಕೊಳ್ಳಿ. ಎರಡು ಗುಳ್ಳೆ ಜೋಡಿಸಿದರೆ ಮೇಲಿನ 3 ಗಂಟೆ 36 ನಿಮಿಷದ ಗೋಜಲು ಇಲ್ಲೂ ಹಾಜರು ಎಂದು 1996ರಲ್ಲೇ ಅಲೆನ್ ಎವರೆಟ್ ಬರೆದಿದ್ದರು. ಋಣ ಶಕ್ತಿಯ ಗೊಡವೆಯಿಲ್ಲದೆ ನಿಲ್ಲುವ ಗುಳ್ಳೆಯ ಲೆಕ್ಕವೊಂದು 2024ರಲ್ಲಿ ಬಂದಿದೆ. ಅದು ಬೆಳಕಿಗಿಂತ ನಿಧಾನ.

ಹತ್ತಿರದ ನಕ್ಷತ್ರ ವ್ಯವಸ್ಥೆ ಆಲ್ಫಾ ಸೆಂಟಾರಿ ನಮಗೆ ಕಾಣುತ್ತದೆ. ಮೇ ಕೊನೆಯ ವಾರ, ಮೋಡವಿಲ್ಲದ ರಾತ್ರಿ ಹತ್ತೂವರೆಯ ಹೊತ್ತಿಗೆ ಮುಳ್ಳಯ್ಯನಗಿರಿಯಂಥ ದಕ್ಷಿಣ ತೆರೆದಿರುವ ಜಾಗದಿಂದ ನೋಡಿದರೆ, ದಿಗಂತದಿಂದ ಸುಮಾರು 16 ಡಿಗ್ರಿ ಮೇಲೆ ಹೊಳೆಯುತ್ತಿರುತ್ತದೆ. ಅದರ ಜೊತೆಗಾರ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರ. ನಾಸಾದ ವಾಯೇಜರ್-1 ನೌಕೆಯ ವೇಗದಲ್ಲಿ ಅಷ್ಟು ದೂರಕ್ಕೆ ಸುಮಾರು 75,000 ವರ್ಷ ಬೇಕು. ಆದರೆ ಅಲ್ಲಿಗೆ ಹೋಗುವವರಿಗೆ ಬೆಳಕನ್ನು ಮೀರುವ ಅಗತ್ಯವೇ ಇಲ್ಲ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಭೂಮಿಯ ಗುರುತ್ವದಷ್ಟೇ ವೇಗವರ್ಧನೆಯಲ್ಲಿ ಅರ್ಧ ದಾರಿ ಓಡಿ, ಉಳಿದರ್ಧದಲ್ಲಿ ಅಷ್ಟೇ ಬಿಗಿಯಾಗಿ ನಿಧಾನಿಸಿದರೆ ನೌಕೆಯಲ್ಲಿರುವವರಿಗೆ ಸುಮಾರು 3.5 ವರ್ಷ, ಊರಲ್ಲಿ ಕಾಯುವವರಿಗೆ 5.9 ವರ್ಷ. ನಡುದಾರಿಯ ವೇಗ ಬೆಳಕಿನ ಶೇ. 95. ಇದಕ್ಕೆ ಭೌತಶಾಸ್ತ್ರದ ಅಡ್ಡಿಯಿಲ್ಲ, ಇರುವುದು ಇಂಧನದ ಅಡ್ಡಿ. ದ್ರವ್ಯ-ಪ್ರತಿದ್ರವ್ಯವನ್ನು ಚೂರೂ ನಷ್ಟವಿಲ್ಲದೆ ಬೆಳಕಾಗಿಸುವ ರಾಕೆಟ್ ಕಟ್ಟಿದರೂ, ನೌಕೆಯ ಪ್ರತಿ ಕಿಲೋಗೆ ಸುಮಾರು 38 ಕಿಲೋ ಇಂಧನ ಬೇಕು, ಅದರಲ್ಲಿ ಅರ್ಧ ಪ್ರತಿದ್ರವ್ಯ, ಅಂದರೆ ಸಾಮಾನ್ಯ ದ್ರವ್ಯ ಮುಟ್ಟಿದೊಡನೆ ಅದರೊಂದಿಗೆ ಶಕ್ತಿಯಾಗಿಬಿಡುವ ವಸ್ತು. ಮನುಷ್ಯರು ಇದುವರೆಗೆ ತಯಾರಿಸಿರುವ ಪ್ರತಿದ್ರವ್ಯವನ್ನು ಇನ್ನೂ ನ್ಯಾನೊಗ್ರಾಂಗಳಲ್ಲೇ ಎಣಿಸಲಾಗುತ್ತಿದೆ.