ಪೋರ್ಟ್ 6 ಗಿಗಾಬಿಟ್, ಅದರ ಹಿಂದಿನ ದಾರಿ ಎಷ್ಟು?

ಮದರ್‌ಬೋರ್ಡ್ ಡಬ್ಬಿಯ ಮೇಲೆ ‘ಸಾಟಾ 6 ಗಿಗಾಬಿಟ್, 8 ಪೋರ್ಟ್’ ಎಂದು ಬರೆದಿರುತ್ತದೆ. ಸಾಟಾ ಎಂದರೆ ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿಗಳನ್ನು ಬೋರ್ಡ್‌ಗೆ ಜೋಡಿಸುವ ಸಂಪರ್ಕ; 6 ಗಿಗಾಬಿಟ್ ಅದರ ಒಂದು ಸೆಕೆಂಡಿನ ವೇಗ. ಅದು ಸುಳ್ಳಲ್ಲ. ಆದರೆ ಆ ವೇಗ ಡ್ರೈವ್‌ನಿಂದ ಅದನ್ನು ನೋಡಿಕೊಳ್ಳುವ ಕಂಟ್ರೋಲರ್ ಚಿಪ್‌ವರೆಗಿನ ಕೇಬಲ್‌ಗೆ ಮಾತ್ರ. ಚಿಪ್‌ನಿಂದ ಮುಂದೆ ಪ್ರೊಸೆಸರ್‌ವರೆಗೆ ಇನ್ನೊಂದು ದಾರಿ ಇದೆ. ಅದರ ಅಗಲ ಎಷ್ಟು ಅಂತ ಡಬ್ಬಿ ಹೇಳುವುದಿಲ್ಲ.

ಸಾಟಾದಲ್ಲಿ ಪ್ರತಿ 8 ಬಿಟ್ ಡೇಟಾಕ್ಕೆ ಕೇಬಲ್‌ನಲ್ಲಿ 10 ಬಿಟ್ ಕಳಿಸಬೇಕು. ಹಾಗಾಗಿ 6 ಗಿಗಾಬಿಟ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 600 ಮೆಗಾಬೈಟ್. ಎಷ್ಟೋ ಬೋರ್ಡ್‌ಗಳಲ್ಲಿ ಕೊನೆಯ ಎರಡು ಪೋರ್ಟ್‌ಗಳನ್ನು ಬೇರೊಂದು ಪುಟ್ಟ ಚಿಪ್ ನೋಡಿಕೊಳ್ಳುತ್ತದೆ. ಎಎಸ್‌ಮೀಡಿಯಾದ 1061 ಅಂಥದ್ದು. ಎರಡು ಪೋರ್ಟ್‌ಗೂ ಸೇರಿ ಅದಕ್ಕಿರುವುದು ಚಿಪ್‌ನಿಂದ ಮುಂದಿನ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್ 2.0ರ ಒಂದೇ ಲೇನ್ (ಓಣಿ), ಅಂದರೆ ಸೆಕೆಂಡಿಗೆ 500 ಮೆಗಾಬೈಟ್. ಒಳ್ಳೆಯ ಸಾಟಾ ಎಸ್‌ಎಸ್‌ಡಿ ಒಂದೇ 550 ಮುಟ್ಟುತ್ತದೆ. ಎರಡು ಎಸ್‌ಎಸ್‌ಡಿ ಹಾಕಿದರೆ ಇಕ್ಕಟ್ಟು ಜಾಸ್ತಿ ಆಗಲೇಬೇಕು, ಅಲ್ವಾ? ಒಂದು ಹಾರ್ಡ್ ಡಿಸ್ಕ್ ಹಾಕಿದವರಿಗೆ ಮಾತ್ರ ಇದು ಗೊತ್ತೇ ಆಗುವುದಿಲ್ಲ. ಅದರ ವೇಗವೇ ಅಷ್ಟಿರುವುದಿಲ್ಲ.

ವೇಗಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಉಳಿದ ಸೌಲಭ್ಯಗಳು. ಎನ್‌ಸಿಕ್ಯೂ ತೆಗೆದುಕೊಳ್ಳಿ. ಡ್ರೈವ್‌ಗೆ 32ರವರೆಗೆ ಕೆಲಸಗಳನ್ನು ಒಟ್ಟಿಗೆ ಕೊಟ್ಟು, ಹತ್ತಿರವಿರುವುದನ್ನು ಮೊದಲು ಮುಗಿಸು ಎನ್ನುವ ಏರ್ಪಾಡು ಅದು. ಇದಕ್ಕೆ ಡ್ರೈವ್ ಒಪ್ಪಿದರೆ ಸಾಲದು, ಕಂಟ್ರೋಲರ್ ಕೂಡ ಒಪ್ಪಬೇಕು. ಸಾಟಾ ಚಿಪ್ ಜೊತೆ ಆಪರೇಟಿಂಗ್ ಸಿಸ್ಟಮ್ ಮಾತಾಡುವ ಸಾಮಾನ್ಯ ನಿಯಮಾವಳಿ ಎಎಚ್‌ಸಿಐ. ಅದನ್ನು ಪಾಲಿಸುವ ಚಿಪ್‌ನೊಳಗೆ ತನ್ನ ಸೌಲಭ್ಯಗಳನ್ನು ಹೇಳಿಕೊಳ್ಳುವ ಒಂದು ರಿಜಿಸ್ಟರ್ (ಪುಟ್ಟ ಮಾಹಿತಿ ಖಾನೆ) ಇದೆ. ಅದರಲ್ಲಿ ಎನ್‌ಸಿಕ್ಯೂಗೆ ಒಂದು ಬಿಟ್, ಒಂದೇ ಪೋರ್ಟ್‌ಗೆ ಹಲವು ಡ್ರೈವ್ ಜೋಡಿಸುವ ಪೋರ್ಟ್ ಮಲ್ಟಿಪ್ಲೈಯರ್‌ಗೆ ಇನ್ನೊಂದು ಬಿಟ್. ಕಂಪ್ಯೂಟರ್ ಶುರುವಾಗುವಾಗ ಆಪರೇಟಿಂಗ್ ಸಿಸ್ಟಮ್ ಇದನ್ನು ಓದಿ ನಂಬುತ್ತದೆ.

ನಂಬಬಹುದೇ? ಲಿನಕ್ಸ್‌ನಲ್ಲಿ ಈ ಚಿಪ್‌ಗಳನ್ನು ನಡೆಸುವ ತಂತ್ರಾಂಶವಾದ ಎಎಚ್‌ಸಿಐ ಡ್ರೈವರ್‌ನ ಕೋಡ್ ತೆರೆದು ನೋಡಿ. ಯಾವ ಚಿಪ್ ಏನು ಹೇಳುತ್ತದೆ, ನಿಜಕ್ಕೂ ಏನು ಮಾಡುತ್ತದೆ ಎಂಬ ಅನುಭವದ ಪಟ್ಟಿಯೇ ಅಲ್ಲಿದೆ. ಕೆಲವು ಚಿಪ್ ‘ಎನ್‌ಸಿಕ್ಯೂ ಬರುತ್ತೆ’ ಎಂದರೂ ಡ್ರೈವರ್ ಅದನ್ನು ಆಫ್ ಮಾಡಿಬಿಡುತ್ತದೆ. ಎನ್ವಿಡಿಯಾದ ಎಂಸಿಪಿ65 ಇದಕ್ಕೆ ಉಲ್ಟಾ. ಅದರಲ್ಲಿ ಎನ್‌ಸಿಕ್ಯೂವನ್ನು ಡ್ರೈವರ್ ತಾನೇ ಆನ್ ಮಾಡುತ್ತದೆ. ಎಟಿಐನ ಎಸ್‌ಬಿ600 ಕಥೆ ಇನ್ನೂ ಸೊಗಸು. 64 ಬಿಟ್ ವಿಳಾಸಗಳಿಗೆ ಡೇಟಾ ಕಳಿಸಬಲ್ಲೆ ಎಂದು ಅದು ಹೇಳಿಕೊಳ್ಳುತ್ತದೆ. 4 ಗಿಗಾಬೈಟ್‌ವರೆಗಿನ ಮೆಮೊರಿ ವಿಳಾಸಗಳಲ್ಲಿ ಈ ಮಾತಿಗೆ ಪರೀಕ್ಷೆಯೇ ಬರುವುದಿಲ್ಲ. ಅದಕ್ಕಿಂತ ಮೇಲೆ ಹೋದಾಗ ಎಡವುತ್ತದೆ ಎಂದು ಡ್ರೈವರ್ ಅದನ್ನು 32 ಬಿಟ್‌ಗೆ ಕಟ್ಟಿಹಾಕುತ್ತದೆ. ಆದರೆ ಕೆಲವು ಬೋರ್ಡ್‌ಗಳಿಗೆ ವಿನಾಯಿತಿ ಇದೆ. ಒಂದು ಬೋರ್ಡ್‌ಗಂತೂ ಹೊಸ ಬಯಾಸ್ (ಬೋರ್ಡ್‌ನಲ್ಲೇ ಇರುವ, ಯಂತ್ರವನ್ನು ಶುರು ಮಾಡುವ ತಂತ್ರಾಂಶ) ಇದ್ದರೆ ಮಾತ್ರ! ಚಿಪ್ ಅದೇ, ಬಯಾಸ್ ಬೇರೆ, ಉತ್ತರವೂ ಬೇರೆ. ಹಾಗಾಗಿ ಚಿಪ್‌ನ ಹೆಸರು ನೋಡಿ ಸುಮ್ನೆ ತೀರ್ಮಾನಕ್ಕೆ ಬರಬಾರದು ಎನ್ನುತ್ತೇನೆ.

ಕೇಬಲ್ ಇಲ್ಲದೆ ಎಸ್‌ಎಸ್‌ಡಿಯನ್ನು ನೇರವಾಗಿ ಬೋರ್ಡ್‌ಗೆ ಕೂರಿಸುವ ಎಂ.2 ಸ್ಲಾಟ್‌ಗೆ ಡ್ರೈವ್ ಹಾಕಿದೊಡನೆ ಒಂದೆರಡು ಸಾಟಾ ಪೋರ್ಟ್ ಮಲಗಿಬಿಡುವ ಬೋರ್ಡ್‌ಗಳೂ ಇವೆ. ಆ ವಿಷಯ ಮ್ಯಾನ್ಯುಯಲ್‌ನ ಸಣ್ಣ ಅಕ್ಷರದಲ್ಲಿ ಸಿಗುತ್ತದೆ.

ನಿಮ್ಮ ಯಂತ್ರದಲ್ಲಿ ಲಿನಕ್ಸ್ ಇದ್ದರೆ ಪ್ರತಿ ಸಾಟಾ ಡಿಸ್ಕ್‌ನ ‘ಕ್ಯೂ ಡೆಪ್ತ್’, ಅಂದರೆ ಒಟ್ಟಿಗೆ ಕೊಡಬಹುದಾದ ಕೆಲಸಗಳ ಸಂಖ್ಯೆ ನೋಡಿ. 31 ಅಥವಾ 32 ಇದ್ದರೆ ಎನ್‌ಸಿಕ್ಯೂ ನಡೆಯುತ್ತಿದೆ. 1 ಇದ್ದರೆ ಕೆಲಸ ಒಂದೊಂದಾಗಿ ಹೋಗುತ್ತಿದೆ. ಆಗ ಚಿಪ್ಪನ್ನು ಬೈಯುವ ಮೊದಲು ಬಯಾಸ್‌ಗೆ ಹೋಗಿ ಸಾಟಾ ಯಾವ ಮೋಡ್‌ನಲ್ಲಿದೆ ನೋಡಿ. ಹಳೆಯ ಐಡಿಇ ಮೋಡ್‌ನಲ್ಲಿದ್ದರೆ ಎಎಚ್‌ಸಿಐಗೆ ಬದಲಿಸಿ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಮಾತ್ರ ಮೊದಲು ಅದರಲ್ಲಿ ಎಎಚ್‌ಸಿಐ ಡ್ರೈವರ್ ಸಿದ್ಧ ಮಾಡಿಕೊಳ್ಳಿ. ಇಲ್ಲವಾದರೆ ಅದು ಶುರುವಾಗದೆ ನಿಂತುಬಿಡಬಹುದು.